ಇಪ್ಪತ್ತೊಂದು ನೇಮಕಪತ್ರ

ತೊಕ್ಕೊಟ್ಟು
18 ಜನವರಿ 2025

ಪ್ರೀತಿಯ ಮೋಕ್ಷಾ,

ನಾನು ಕ್ಷೇಮ. ನೀನು ಕ್ಷೇಮವೋ ಇಲ್ಲವೋ ಎಂದು ಕೇಳಲು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ಅಕ್ಕ, ಆಮೇಲೆ ಮಾಡ್ತೇನೆ" ಎಂದೆ. ನಿನ್ನ ಆ ಆಮೇಲೆ ಇನ್ನೂ ಬಂದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ತಾರೀಕು ಇರುತ್ತದೆ, ಬರಲಿಲ್ಲ ಎಂದು ಜಾರಿಕೊಳ್ಳಲು ಆಗುವುದಿಲ್ಲ. ಸೋಮವಾರ ಸ್ಯಾಂಪಲ್ ಪೆಟ್ಟಿಗೆಯ ಜೊತೆ ಹೋಗುವ ದಾಖಲೆ ಚೀಲದಲ್ಲಿ ಇಡಲು ಡಿಸ್ಪ್ಯಾಚಿನ ಡ್ಯಾಫ್ನಿಗೆ ಹೇಳಿದ್ದೇನೆ. ಲಕೋಟೆಯ ಬಾಯಿಗೆ ಅಡ್ಡವಾಗಿ ಸಹಿ ಹಾಕಿದ್ದೇನೆ. ಸಹಿ ಹರಿದಿದ್ದರೆ ಯಾರೋ ಒಡೆದು ಓದಿದ್ದಾರೆ ಎಂದು ತಿಳಿದುಕೋ. ಡ್ಯಾಫ್ನಿಯ ಮೇಲೆ ನನಗೆ ಸಂಶಯ ಇಲ್ಲ. ಅವಳ ಪಕ್ಕದಲ್ಲಿ ಕೂರುವವರ ಮೇಲೆ ಉಂಟು.

ವಿಷಯ ನಿನಗೆ ಗೊತ್ತಿದ್ದದ್ದೇ. ನಿಮ್ಮ ಶಿಮಿಜು ಆಫೀಸಿಗೆ ನನ್ನ ವರ್ಗಾವಣೆಯ ಫೈಲನ್ನು ಎಚ್‌ಆರ್‌ನ ರಾಯ್‌ಸ್ಟನ್ ನವೆಂಬರಿನಲ್ಲೇ ಕಳಿಸಿದ್ದಾರಂತೆ. ವೀಸಾಕ್ಕೆ ಮೊದಲು ಜಪಾನಿನ ವಲಸೆ ಕಚೇರಿಯಿಂದ ಒಂದು ಸರ್ಟಿಫಿಕೇಟ್ ಬರಬೇಕು. ಅದಕ್ಕೆ ಅರ್ಜಿ ಹಾಕಬೇಕಾದದ್ದು ನಿಮ್ಮ ಆಫೀಸು. ನಿಮ್ಮ ಆಫೀಸೆಂದರೆ ಜಯಪಾಲ ಸರ್ ಮತ್ತು ನೀನು. ಮ್ಯಾನೇಜರ್ ಆದ ಮೇಲೆ ಜಯಪಾಲ ಸರ್ ಸಹಿ ಹಾಕಲು ಬಿಟ್ಟರೆ ಬೇರೆ ಯಾವುದಕ್ಕೂ ಪೆನ್ನು ಹಿಡಿದದ್ದನ್ನು ಯಾರೂ ನೋಡಿಲ್ಲ. ಹಾಗಾದರೆ ಎರಡು ತಿಂಗಳಿನಿಂದ ನನ್ನ ಫೈಲು ನಿನ್ನ ಮೇಜಿನ ಮೇಲೆಯೇ ಇರಬೇಕಲ್ಲ?

ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಎಂದು ಮನೆಯವರೂ ಕೇಳುತ್ತಾರೆ. ಇಪ್ಪತ್ತು ವರ್ಷದಿಂದ ಬೈಕಂಪಾಡಿಯ ಈ ಪ್ಲಾಂಟಿನಲ್ಲಿ ಸುರಿಮಿ ಪರೀಕ್ಷೆ ಮಾಡುತ್ತಿದ್ದೇನೆ. ರಾಣಿ ಮೀನನ್ನು ತೊಳೆದು ಅರೆದ ಮುದ್ದೆಯನ್ನು ಬೇಯಿಸಿ, ಬಿಲ್ಲೆ ಕೊಯ್ದು, ನಾಲ್ಕು ಮಡಿಕೆ ಮಡಚಿ, ಬಿರುಕು ಬಿಡದಿದ್ದರೆ ಮೊದಲ ದರ್ಜೆ ಎಂದು ಬರೆಯುತ್ತೇನೆ. ಅದೇ ಮಾಲು ಶಿಮಿಜು ಬಂದರಿನಲ್ಲಿ ಇಳಿದ ಮೇಲೆ ಎರಡನೇ ದರ್ಜೆ ಎಂದು ವರದಿ ಬರುತ್ತದೆ. ಯಾಕೆ ಎಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ. ಸಾಯುವುದರೊಳಗೆ ಒಮ್ಮೆ ಅಲ್ಲಿ ದರ್ಜೆ ಹಾಕುವ ಮೇಜಿನ ಎದುರು ನಿಂತು, ನನ್ನ ಬಿಲ್ಲೆಯನ್ನು ಅವರು ಹೇಗೆ ಮಡಚುತ್ತಾರೆಂದು ನನ್ನ ಕಣ್ಣಿನಿಂದ ನೋಡಬೇಕು. ನನಗೆ ನಲವತ್ತೆಂಟು ಆಯಿತು, ಡಿಗ್ರಿ ಇಲ್ಲ. ಒಂದೇ ಕಂಪನಿಯ ಶಾಖೆಯಿಂದ ಶಾಖೆಗೆ ಹೋಗುವವರಿಗೆ ಮಾತ್ರ ಡಿಗ್ರಿ ಕೇಳುವುದಿಲ್ಲ ಎಂದು ನೀನೇ ಹೇಳಿದ್ದು. ಈ ವರ್ಷ ಸೀಟು ಇರುವುದು ಒಂದೇ. ಬೇಗ ಅರ್ಜಿ ಹಾಕು ಮಾರಾಯ್ತಿ.

ನಿನ್ನ,
ಹರಿಣಾಕ್ಷಿ ಅಕ್ಕ

•

ಶಿಮಿಜು
3 ಫೆಬ್ರವರಿ 2025

ಪ್ರೀತಿಯ ಹರಿಣಾಕ್ಷಿ ಅಕ್ಕ,

ನಿಮ್ಮ ಕಾಗದ ನೋಡಿ ನಗುವೂ ಬಂತು, ಅಳುವೂ ಬಂತು. ಸಹಿ ಹರಿದಿರಲಿಲ್ಲ. ಇಲ್ಲಿ ನಮ್ಮ ಕಾಗದ ಒಡೆದರೂ ಓದಲು ಯಾರಿಗೂ ಕನ್ನಡ ಬರುವುದಿಲ್ಲ, ಜಯಪಾಲ ಸರ್ ಒಬ್ಬರನ್ನು ಬಿಟ್ಟು.

ಫೋನಿನ ವಿಷಯಕ್ಕೆ ಬೇಸರ ಮಾಡಬೇಡಿ. ಆಫೀಸು ಎಂದರೆ ಒಂದೇ ಕೋಣೆ, ಕೂತಲ್ಲಿಂದ ಕೆಮ್ಮಿದರೂ ಜಯಪಾಲ ಸರ್‌ಗೆ ಕೇಳುತ್ತದೆ. ಚಳಿ ಬಹಳ. ಬೆಳಿಗ್ಗೆ ಬಾಗಿಲು ತೆರೆದರೆ ದೂರದಲ್ಲಿ ಹಿಮದ ಬೆಟ್ಟ ಕಾಣುತ್ತದೆ, ಮೊದಲ ವಾರ ದಿನಾ ಫೋಟೋ ತೆಗೆದೆ, ಈಗ ತಲೆ ಎತ್ತಿಯೂ ನೋಡುವುದಿಲ್ಲ. ಬಂಗುಡೆ ಸಿಗುತ್ತದೆ, ಆದರೆ ಹುಳಿ ಖಾರದ ಪುಳಿಮುಂಚಿ ಸಾರು ಮಾಡಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ.

ನಿಮ್ಮ ಫೈಲು ನನ್ನ ಹತ್ತಿರವೇ ಉಂಟು, ಭದ್ರವಾಗಿ ಇಟ್ಟಿದ್ದೇನೆ. ಒಂದು ಸಣ್ಣ ತೊಂದರೆ. ಫೋಟೋ ಸರಿಯಾಗಿಲ್ಲ. ಇಲ್ಲಿಯ ಅಳತೆಯೇ ಬೇರೆ, ಮತ್ತೆ ನಿಮ್ಮ ಮೂಗುತಿ ಫ್ಲ್ಯಾಶಿಗೆ ಮಿಂಚಿ ಮೂಗಿನ ಮೇಲೆ ಬಿಳಿ ಚುಕ್ಕೆ ಕಾಣುತ್ತದೆ. ಹೊಸದು ತೆಗೆಸಿ ಕಳಿಸಿ. ಅದು ಬಂದ ಕೂಡಲೇ ನೋಡುತ್ತೇನೆ. ಗಡಿಬಿಡಿ ಮಾಡಿ ಅರ್ಜಿ ಹಾಕಿ ತಿರಸ್ಕಾರವಾದರೆ ಮತ್ತೆ ಕಷ್ಟ.

ದರ್ಜೆ ಕಡಿಮೆ ಮಾಡುವುದು ಯಾರು, ಹೇಗೆ ಎಂದು ನೀವು ಕೇಳಿದ್ದಕ್ಕೆ ಕಾಗದದಲ್ಲಿ ಉತ್ತರ ಹೇಳಲು ಆಗುವುದಿಲ್ಲ. ನೀವೇ ಬಂದು ನೋಡಿದರೆ ಗೊತ್ತಾಗುತ್ತದೆ.

ಒಂದು ಕೇಳುವುದಿತ್ತು. ನಿಮ್ಮ ಫೈಲಿನಲ್ಲಿ ರಾಯ್‌ಸ್ಟನ್ ಸರ್ ಯಾವ ಯಾವ ಕಾಗದ ಇಟ್ಟಿದ್ದಾರೆಂದು ನೀವು ನೋಡಿದ್ದೀರಾ? ಸುಮ್ಮನೆ ಕೇಳಿದೆ.

ನಿಮ್ಮ,
ಮೋಕ್ಷಾ

•

ತೊಕ್ಕೊಟ್ಟು
22 ಫೆಬ್ರವರಿ 2025

ಪ್ರೀತಿಯ ಮೋಕ್ಷಾ,

ಫೋಟೋ ಇಟ್ಟಿದ್ದೇನೆ. ಇಪ್ಪತ್ತಾರು ವರ್ಷದಿಂದ ತೆಗೆಯದ ಮೂಗುತಿಯನ್ನು ಸ್ಟುಡಿಯೋದವನ ಎದುರು ತೆಗೆದೆ. ತಿರುಪು ಕಚ್ಚಿಕೊಂಡು ಬರಲೇ ಇಲ್ಲ, ಕಡೆಗೆ ನನ್ನ ಮಗಳು ನಿರೀಕ್ಷಾ ಎಣ್ಣೆ ಹಾಕಿ ತಿರುಗಿಸಿದಳು. ಕಣ್ಣಲ್ಲಿ ನೀರು ಬಂತು. ಫೋಟೋದಲ್ಲಿ ನನ್ನ ಮುಖ ನನಗೇ ಗುರುತು ಸಿಗುವುದಿಲ್ಲ. ಇದು ಸಾಲದಿದ್ದರೆ ಮೂಗನ್ನೇ ತೆಗೆಸಬೇಕಷ್ಟೆ.

ನಾನು ಸಂಶಯ ಪಡುವವಳಲ್ಲ. ಆದರೆ ಕಿವಿ ಮುಚ್ಚಿಕೊಂಡು ಕೆಲಸ ಮಾಡಲು ಆಗುವುದಿಲ್ಲವಲ್ಲ. ಜಯಪಾಲ ಸರ್‌ನ ಅಕ್ಕನ ಮಗ ಒಬ್ಬ ಇದ್ದಾನಂತೆ, ಮುಖೇಶ್ ಎಂದು. ಅವನು ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದ್ದಾನೆ ಎಂದು ಪ್ಯಾಕಿಂಗಿನ ಹೆಂಗಸರು ಮಾತಾಡುತ್ತಾರೆ. ನಮ್ಮ ಕಡೆ ಅಳಿಯನಿಗೆ ಮಾವ ದಾರಿ ಮಾಡಿಕೊಡುವುದು ಹೊಸದಲ್ಲ. ನಿನಗೆ ಏನಾದರೂ ಗೊತ್ತಿದ್ದರೆ ಹೇಳಿಬಿಡು. ಅವರ ಒತ್ತಾಯಕ್ಕೆ ನೀನು ಫೈಲು ಹಿಡಿದಿಟ್ಟಿದ್ದರೂ ಹೇಳು, ನಿನ್ನ ಹೆಸರು ಹೊರಗೆ ತರುವುದಿಲ್ಲ.

ರಾಯ್‌ಸ್ಟನ್ ಏನೇನು ಇಟ್ಟಿದ್ದಾರೆಂದು ನಾನು ನೋಡಿಲ್ಲ. ಯಾಕೆ ಕೇಳಿದೆ? ಕಾಗದ ಕಡಿಮೆ ಬಿದ್ದರೆ ನನ್ನ ಹತ್ತಿರ ಬೇಕಾದಷ್ಟು ಉಂಟು. 2004ರಿಂದ ಇವತ್ತಿನವರೆಗೆ ಕಂಪನಿ ನನಗೆ ಕೊಟ್ಟ ಇಪ್ಪತ್ತೊಂದು ನೇಮಕಪತ್ರಗಳನ್ನು ಒಂದೂ ಬಿಡದೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಪ್ರತಿ ವರ್ಷ ಆಗಸ್ಟ್ ಒಂದಕ್ಕೆ ಹೆಸರು ಕರೆದು ಕೈಗೆ ಕೊಟ್ಟ ಕಾಗದಗಳು. ಬೇರೆ ಯಾರ ಹತ್ತಿರವೂ ಅಷ್ಟಿಲ್ಲ. ನನ್ನ ಕೈಕೆಳಗೆ ಕಲಿತ ನೀವು ಹುಡುಗಿಯರು ಕಳೆದು ಹಾಕುತ್ತೀರೆಂದು ನಿಮ್ಮ ಪ್ರತಿಗಳನ್ನೂ ನಾನೇ ಇಟ್ಟಿದ್ದೇನೆ. ನಿನ್ನ ಕಾಗದಗಳೂ ಅಲ್ಲೇ ಉಂಟು. ನಿನ್ನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ನೆನಪಿಟ್ಟುಕೋ!

ನಿನ್ನ,
ಹರಿಣಾಕ್ಷಿ ಅಕ್ಕ

•

ಶಿಮಿಜು
8 ಮಾರ್ಚ್ 2025

ಹರಿಣಾಕ್ಷಿ ಅಕ್ಕನಿಗೆ,

ಕಾಗದ ಮತ್ತು ಫೋಟೋ ತಲುಪಿದವು.

ಒಂದು ವಿಷಯ ನೇರವಾಗಿ ಕೇಳುತ್ತೇನೆ. ನನ್ನ ಯಾವ ಕಾಗದಗಳು ನಿಮ್ಮ ಪೆಟ್ಟಿಗೆಯಲ್ಲಿ ಉಂಟು? ಯಾವ ಯಾವ ಇಸವಿಯವು? ಅವುಗಳನ್ನು ಯಾರಿಗಾದರೂ ತೋರಿಸಿದ್ದೀರಾ? "ನೆನಪಿಟ್ಟುಕೋ" ಎಂದು ಬರೆದ ಸಾಲನ್ನು ಏಳೆಂಟು ಸಲ ಓದಿದೆ. ನಗುತ್ತಾ ಬರೆದಿರೋ, ಬೇರೆ ಉದ್ದೇಶದಿಂದ ಬರೆದಿರೋ ತಿಳಿಯಲಿಲ್ಲ. ನೀವು ಹಾಗೆಲ್ಲ ಮಾತಾಡುವವರು ಅಲ್ಲ ಎಂದು ತಿಳಿದಿದ್ದೆ.

ದಯವಿಟ್ಟು ನನ್ನ ಕಾಗದಗಳನ್ನು ಬೇರೆ ಲಕೋಟೆಯಲ್ಲಿ ಹಾಕಿ ಮಣ್ಣಗುಡ್ಡದಲ್ಲಿ ನಮ್ಮ ಅಮ್ಮನ ಕೈಗೆ ಕೊಡಿ. ಪ್ರತಿ ತೆಗೆಯಬೇಡಿ. ಕಂಪನಿಯ ಚೀಲದಲ್ಲಿ ಇಂಥ ವಿಷಯ ಬರೆಯಬೇಡಿ, ಅಂಚೆಯಲ್ಲಿ ನನ್ನ ಕೋಣೆಯ ವಿಳಾಸಕ್ಕೆ ಕಳಿಸಿ.

ಮುಖೇಶ್ ಯಾರೆಂದು ನನಗೆ ಗೊತ್ತಿಲ್ಲ. ನಿಮ್ಮ ಫೈಲಿನ ಕೆಲಸ ನಡೆಯುತ್ತಾ ಉಂಟು. ಜಪಾನೀ ಭಾಷೆಗೆ ಅನುವಾದ ಆಗಬೇಕು.

ಮೋಕ್ಷಾ

•

ತೊಕ್ಕೊಟ್ಟು
17 ಮಾರ್ಚ್ 2025

ಕುಮಾರಿ ಮೋಕ್ಷಾ ಅವರಿಗೆ,

ಇನ್ನು ಮೇಲೆ ನಿಮ್ಮನ್ನು ನೀವು ಎಂದೇ ಬರೆಯುತ್ತೇನೆ. ವಿದೇಶದ ಆಫೀಸಿನವರು, ಮರ್ಯಾದೆ ಕೊಡಬೇಕು.

ನೀವು ಹೇಳಿದ ಹಾಗೆ ನಿನ್ನೆ ಮಣ್ಣಗುಡ್ಡಕ್ಕೆ ಹೋದೆ. ಆದಿತ್ಯವಾರವಾದರೂ ನಂತೂರಿನಲ್ಲಿ ಲಾರಿಗಳ ಹಿಂದೆ ಮುಕ್ಕಾಲು ಗಂಟೆ ಬಸ್ಸಿನಲ್ಲಿ ನಿಂತೆ. ಕಾಗದಗಳನ್ನು ತೆಗೆದುಕೊಂಡು ಹೋಗಿರಲಿಲ್ಲ. ಮೊದಲು ವಿಷಯ ಏನೆಂದು ತಿಳಿಯಬೇಕಿತ್ತು. ನಿಮ್ಮ ತಾಯಿ ಮುದ್ದು ಅಕ್ಕ ಪಾಪದವರು, ಚಾ ಕೊಟ್ಟು, ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟರು. "ಹರಿಣಾಕ್ಷಿ, ಎಂತದೋ ಹಳೆ ಕಾಗದ ನಿಮ್ಮ ಹತ್ರ ಉಂಟಂತೆ. ಹೇಗಾದ್ರೂ ಮಾಡಿ ತೆಕ್ಕೊಂಡು ಸುಟ್ಟು ಬಿಡಿ ಅಮ್ಮ ಅಂತ ಮೋಕ್ಷಾ ಹೇಳಿದ್ದಾಳೆ. ಬರುವ ತಿಂಗಳು ಅವಳ ವೀಸಾ ಮುಂದೆ ಹಾಕ್ಲಿಕ್ಕೆ ಉಂಟಲ್ಲ, ಅದಕ್ಕೆ ಹೆದರಿಕೆ ಅವಳಿಗೆ."

ಸುಡಲು ಹೇಳಿದಿರಿ. ನನ್ನ ಕೈಯಿಂದ ತೆಗೆದುಕೊಂಡು ಸುಡಲು.

ಬಸ್ಸಿನಲ್ಲಿ ವಾಪಸು ಬರುವಾಗ ಎಲ್ಲ ಅರ್ಥವಾಯಿತು. ಏಪ್ರಿಲಿನಲ್ಲಿ ನಿಮ್ಮ ವೀಸಾ ಮುಂದುವರಿಯಬೇಕು. ಅಲ್ಲಿ ಸೀಟು ಒಂದೇ. ನಾನು ಬಂದರೆ ನಿಮ್ಮನ್ನು ವಾಪಸು ಕಳಿಸುತ್ತಾರೆಂದು ನೀವು ಲೆಕ್ಕ ಹಾಕಿದ್ದೀರಿ. ಅದಕ್ಕೆ ಫೋಟೋ, ಅದಕ್ಕೆ ಮೂಗುತಿ, ಅದಕ್ಕೆ ಅನುವಾದ. ನಿಮಗೆ ಕೆಲಸ ಕಲಿಸಿದವಳು ನಾನು ಎಂಬುದಕ್ಕೆ ಆ ಕಾಗದಗಳೇ ಸಾಕ್ಷಿ, ಅದನ್ನೂ ಇಲ್ಲದ ಹಾಗೆ ಮಾಡಬೇಕಾಗಿದೆ ನಿಮಗೆ.

ಮೋಕ್ಷಾ, ನೀವು ಪ್ಲಾಂಟಿಗೆ ಬಂದ ದಿನ ತಣ್ಣೀರಿನಲ್ಲಿ ಕೈ ಮರಗಟ್ಟಿ ಅಳುತ್ತಿದ್ದಿರಿ. ನಿಮ್ಮ ಬೆರಳುಗಳನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿದೆ. ಹೇಳಿ ತೋರಿಸುವ ಬುದ್ಧಿ ನನ್ನದಲ್ಲ, ಆದರೆ ಇವತ್ತು ಹೇಳುತ್ತಿದ್ದೇನೆ.

ಈ ತಿಂಗಳ ಕೊನೆಯೊಳಗೆ ನನ್ನ ಅರ್ಜಿಯ ನಂಬರ್ ಕಳಿಸಿ. ಇಲ್ಲದಿದ್ದರೆ ನನ್ನ ದಾರಿ ನಾನು ನೋಡಿಕೊಳ್ಳುತ್ತೇನೆ.

ಹರಿಣಾಕ್ಷಿ

•

ಶಿಮಿಜು
6 ಏಪ್ರಿಲ್ 2025

ಹರಿಣಾಕ್ಷಿ ಅಕ್ಕ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ.

ನಿಮ್ಮ ಅರ್ಜಿಯನ್ನು ನಾನು ಹಾಕಿಲ್ಲ. ಫೋಟೋ ಮೊದಲೇ ಸರಿ ಇತ್ತು. ಸುಮ್ಮನೆ ನಿಮ್ಮ ಮೂಗುತಿ ತೆಗೆಸಿದೆ, ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಆಗುತ್ತದೆ. ಆದರೆ ಕಾರಣ ನೀವು ತಿಳಿದದ್ದಲ್ಲ.

ಈ ವೀಸಾಕ್ಕೆ ಡಿಗ್ರಿ ಬೇಡ ಎಂದು ಹೇಳಿದ್ದೆ. ಇನ್ನೊಂದು ನಿಯಮ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ಅರ್ಜಿಗೆ ಮೊದಲು ಒಂದು ವರ್ಷ ಎಡೆಬಿಡದೆ ಅದೇ ಕಂಪನಿಯ ಕೆಲಸದಲ್ಲಿ ಇರಬೇಕು. ಈಗ ನಮ್ಮ ಮಳೆಗಾಲದ ಕಾಗದ ನೆನಪು ಮಾಡಿಕೊಳ್ಳಿ. ಜೂನ್, ಜುಲೈ ಮೀನುಗಾರಿಕೆಗೆ ರಜೆ, ಪ್ಲಾಂಟು ಬಂದ್. ಮೇ ಕೊನೆಗೆ ಎಲ್ಲರೂ ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕುತ್ತೇವೆ, ಆಗಸ್ಟ್ ಒಂದಕ್ಕೆ ಇನ್ನೊಂದು ಕಾಗದ ಕೊಡುತ್ತಾರೆ. ನೀವು ಅದನ್ನು ರಜೆಯ ಕಾಗದ ಎನ್ನುತ್ತಿದ್ದಿರಿ. ಅಕ್ಕ, ಅದು ರಾಜೀನಾಮೆ. "ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ" ಎಂದು ಉಂಟು. ಆಗಸ್ಟಿನದು ಹೊಸ ನೇಮಕ. ಪ್ರತಿ ವರ್ಷ ನಮ್ಮನ್ನು ಕೆಲಸದಿಂದ ಬಿಡಿಸಿ ಪ್ರತಿ ವರ್ಷ ಹೊಸಬರ ಹಾಗೆ ಸೇರಿಸುತ್ತಾರೆ. ನಿಮ್ಮ ಪೆಟ್ಟಿಗೆಯಲ್ಲಿರುವ ಇಪ್ಪತ್ತೊಂದು ನೇಮಕಪತ್ರಗಳು ಹೇಳುವುದು ಅದನ್ನೇ.

ನನ್ನ ಅರ್ಜಿಯ ಸಮಯದಲ್ಲಿ ರಾಯ್‌ಸ್ಟನ್ ಸರ್ "2021ರಿಂದ ನಿರಂತರ ಸೇವೆ" ಎಂದು ಒಂದು ಪತ್ರ ಟೈಪ್ ಮಾಡಿ ಕೊಟ್ಟರು. ನಾನು ಓದಿದೆ. ಸುಳ್ಳು ಎಂದು ಅನಿಸಿತು. ಆದರೂ ಬಂದೆ. ನಿಮ್ಮ ಫೈಲಿನಲ್ಲೂ ಅಂಥದೇ ಪತ್ರ ಉಂಟು. ಅದನ್ನು ಹಾಕಿ ಸಿಕ್ಕಿಬಿದ್ದರೆ ನಿಮ್ಮ ಹೆಸರು ಇಲ್ಲಿ ಶಾಶ್ವತವಾಗಿ ಕೆಡುತ್ತದೆ. ನಿಜವಾದ ಕಾಗದ ಹಾಕಿದರೆ ನಿಮ್ಮದು ಆಗುವುದಿಲ್ಲ, ಜೊತೆಗೆ ನನ್ನದೂ ಹೊರಗೆ ಬರುತ್ತದೆ. ನನ್ನ ರಾಜೀನಾಮೆಗಳಿಗೆ ಸಾಕ್ಷಿ ಸಹಿ ಹಾಕಿದ್ದು ನೀವು. ಅದಕ್ಕೇ ನಿಮ್ಮ ಆ ಸಾಲನ್ನು ಬೆದರಿಕೆ ಎಂದು ತಿಳಿದೆ. ನಿಮ್ಮ ಮೇಲೆ ಹಾಗೆ ಸಂಶಯ ಪಟ್ಟದ್ದಕ್ಕೆ ನಾಚಿಕೆಯಾಗುತ್ತದೆ.

ಇನ್ನೊಂದು. ದರ್ಜೆ ಹಾಕುವ ಮೇಜನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಅದು ಕೊಳ್ಳುವ ಕಂಪನಿಯ ಲ್ಯಾಬು, ನನ್ನನ್ನು ಒಳಗೆ ಬಿಡುವುದಿಲ್ಲ. ಕಲಿತ ಕೆಲಸ ಬಿಟ್ಟು ಒಂದು ವರ್ಷದಿಂದ ಫಾರ್ಮು ತುಂಬಿಸುತ್ತಿದ್ದೇನೆ. ನಿಮಗೆ ಹೇಳಲು ಮನಸ್ಸು ಬರಲಿಲ್ಲ.

ನನ್ನ ವೀಸಾ ವಿಸ್ತರಣೆ ಈ ತಿಂಗಳ ಇಪ್ಪತ್ತರೊಳಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಸುಮ್ಮನಿರಿ. ಆಮೇಲೆ ಏನು ಮಾಡಬೇಕೆಂದು ನೀವೇ ಹೇಳಿ, ಹಾಗೇ ಮಾಡುತ್ತೇನೆ.

ನಿಮ್ಮ,
ಮೋಕ್ಷಾ

•

ತೊಕ್ಕೊಟ್ಟು
9 ಏಪ್ರಿಲ್ 2025

ಮೋಕ್ಷಾ ಅವರಿಗೆ,

ಮಾರ್ಚ್ ಮುಗಿದು ಒಂಬತ್ತು ದಿನ ಆಯಿತು. ನಿಮ್ಮಿಂದ ನಂಬರೂ ಇಲ್ಲ, ಕಾಗದವೂ ಇಲ್ಲ. ಬೆನ್ನ ಹಿಂದೆ ಮಾಡುವ ಅಭ್ಯಾಸ ನನಗಿಲ್ಲ, ಆದ್ದರಿಂದ ತಿಳಿಸುತ್ತಿದ್ದೇನೆ.

ನಿಮ್ಮ ಊರಿನ ವಲಸೆ ಕಚೇರಿಯ ವಿಳಾಸವನ್ನು ನಿರೀಕ್ಷಾ ಹುಡುಕಿ ಕೊಟ್ಟಳು. ಇಂಗ್ಲಿಷಿನಲ್ಲಿ ಪತ್ರವನ್ನೂ ಅವಳೇ ಟೈಪ್ ಮಾಡಿದಳು. ನನ್ನ ಫೈಲನ್ನು ಶಿಮಿಜು ಆಫೀಸಿನಲ್ಲಿ ಐದು ತಿಂಗಳಿನಿಂದ ಹಿಡಿದಿಟ್ಟಿದ್ದಾರೆ, ನಾನು ಇಪ್ಪತ್ತು ವರ್ಷದ ಅನುಭವದವಳು, ನ್ಯಾಯ ಕೊಡಿ ಎಂದು ಬರೆದಿದ್ದೇನೆ. ಜೊತೆಗೆ ಇಪ್ಪತ್ತೊಂದು ನೇಮಕಪತ್ರ, ನನ್ನ ಎಲ್ಲ ಮಳೆಗಾಲದ ಕಾಗದ, ನಿಮ್ಮ ಕಾಗದಗಳ ಪ್ರತಿ, ಎಲ್ಲವನ್ನೂ ಇವತ್ತು ಸ್ಪೀಡ್ ಪೋಸ್ಟ್ ಮಾಡಿದೆ. ನಿಮ್ಮ ಪ್ರತಿ ಕಾಗದದಲ್ಲೂ ನಿಮ್ಮ ಹೆಸರಿನ ಕೆಳಗೆ ಸಾಕ್ಷಿಯಾಗಿ ನನ್ನ ಸಹಿ ಉಂಟು. ಯಾರು ಹಿರಿಯರು, ಯಾರು ಯಾರ ಕೈಕೆಳಗೆ ಕಲಿತವರು ಎಂದು ಅವರೇ ನೋಡಲಿ.

ಸುಡಬೇಕೆಂದಿದ್ದ ಕಾಗದಗಳು ಈಗ ಸರಕಾರದ ಮೇಜಿಗೆ ಹೋಗುತ್ತವೆ. ಸತ್ಯಕ್ಕೆ ಹೆದರುವ ಅಗತ್ಯ ನನಗಿಲ್ಲ.

ಹರಿಣಾಕ್ಷಿ

•

ತೊಕ್ಕೊಟ್ಟು
16 ಏಪ್ರಿಲ್ 2025

ಮೋಕ್ಷಾ, ನನ್ನ ಮಗಳೇ,

ನಿನ್ನ ಕಾಗದ ಇವತ್ತು ಮಧ್ಯಾಹ್ನ ಬಂತು. ನಿನ್ನ ನಂಬರಿಗೆ ಹನ್ನೊಂದು ಸಲ ಮಾಡಿದೆ. ನೀನು ನನ್ನನ್ನು ಬ್ಲಾಕ್ ಮಾಡಿದ್ದೀ ಎಂದು ನಿರೀಕ್ಷಾ ಹೇಳಿದಳು. ಅವಳ ಫೋನಿನಿಂದಲೂ ಹೋಗಲಿಲ್ಲ. ಅಂಚೆ ಕಚೇರಿಗೆ ಓಡಿ ಕವರ್ ನಿಲ್ಲಿಸಿ ಎಂದು ಕೇಳಿದೆ. "ಅದು ಹೋಗಿ ಮುಟ್ಟಿಯೂ ಆಯ್ತು, ಇನ್ನು ಎಂತ ಮಾಡ್ಲಿಕ್ಕೂ ಬರುವುದಿಲ್ಲ ಅಕ್ಕ" ಎಂದರು.

ಒಂದು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಕವರಿಗೆ ಹಾಕುವಾಗ ನಿರೀಕ್ಷಾ ಓದಿದ್ದಳು. "ಅಮ್ಮ, ಇದರಲ್ಲಿ ಕೆಲಸ ಬಿಡ್ತೇನೆ ಅಂತ ಉಂಟಲ್ಲ, ಕಳಿಸುವುದಾ?" ಎಂದು ಕೇಳಿದಳು. "ಅದು ಮಳೆಗಾಲದ ಕಾಗದ, ಎಲ್ಲರೂ ಹಾಕುವುದು, ನಿನಗೆಂತ ಗೊತ್ತುಂಟು" ಎಂದು ಬಾಯಿ ಮುಚ್ಚಿಸಿದೆ. ನಿನ್ನ ಮೇಲೆ ಕೋಪ ಬಂದಿತ್ತಲ್ಲ, ಕಣ್ಣೆದುರಿಗೆ ಇದ್ದದ್ದೂ ಕಾಣಲಿಲ್ಲ.

ಪ್ರತಿ ವರ್ಷ ಆ ಕಾಗದಗಳ ಕಟ್ಟು ಹಿಡಿದು ಎಂಬತ್ತು ಹೆಂಗಸರ ಹತ್ತಿರ ಹೋಗಿ ಸಹಿ ಹಾಕಿಸಿದವಳು ನಾನು. "ಹಾಕಿ, ಹಾಕಿ, ಬಸ್ಸಿಗೆ ಹೊತ್ತಾಯ್ತು" ಎಂದವಳು ನಾನು. ನಾನು ಹೇಳಿದೆ ಎಂದು ಒಬ್ಬಳೂ ಓದಲಿಲ್ಲ. ಅದಕ್ಕೇ ರಾಯ್‌ಸ್ಟನ್ ಆ ಕೆಲಸಕ್ಕೆ ನನ್ನನ್ನೇ ಕರೆಯುತ್ತಿದ್ದದ್ದು. ನನಗೆ ಅದು ಮರ್ಯಾದೆ ಎಂದು ಅನಿಸಿತ್ತು.

ನಿನಗೆ ಏನಾದರೂ ಆದರೆ ನನ್ನ ಕೈಯಿಂದ ಆದದ್ದು. ಎರಡು ಸಾಲಾದರೂ ಬರೆ.

ಅಕ್ಕ

•

ಶಿಮಿಜು
14 ಮೇ 2025

ಹರಿಣಾಕ್ಷಿ ಅಕ್ಕ,

ನಿಮ್ಮ ಎರಡೂ ಕಾಗದ ಬಂದವು, ಒಂದು ಮೊದಲು, ಒಂದು ತಡವಾಗಿ. ತಕ್ಷಣ ಬರೆಯಲು ಕೈ ಏಳಲಿಲ್ಲ. ಮಾರ್ಚಿನಲ್ಲೇ ಹೆದರಿ ನಿಮ್ಮ, ನಿರೀಕ್ಷಾಳ ನಂಬರ್ ಬ್ಲಾಕ್ ಮಾಡಿದ್ದೆ, ಆಮೇಲೆ ತೆಗೆಯಲಿಲ್ಲ.

ಏಪ್ರಿಲ್ 23ಕ್ಕೆ ಬರಬೇಕೆಂದು ವಲಸೆ ಕಚೇರಿಯಿಂದ ಕರೆ ಬಂತು. ಹಿಂದಿನ ದಿನ ಜಯಪಾಲ ಸರ್ ನನ್ನನ್ನು ಕೂರಿಸಿ ಪಾಠ ಹೇಳಿಕೊಟ್ಟರು. "ಆ ಕಾಗದ ಎಲ್ಲ ನಕಲಿ ಅಂತ ಹೇಳು. ಹೊಟ್ಟೆಕಿಚ್ಚಿನ ಹೆಂಗಸು, ಸೀಟು ಸಿಗ್ಲಿಲ್ಲ ಅಂತ ಹಾಗೆ ಮಾಡಿದ್ದು ಅಂತ ಹೇಳು. ನಾನು ಸೀಲು ಹಾಕಿ ಪತ್ರ ಕೊಡ್ತೇನೆ." ಬಸ್ಸಿನಲ್ಲಿ ಹೋಗುವಾಗ ಅದನ್ನೇ ಹೇಳುವುದೆಂದು ನಿರ್ಧಾರ ಮಾಡಿದ್ದೆ. ಇದನ್ನು ನಿಮಗೆ ಹೇಳದೆ ಮುಚ್ಚಿಡಬಹುದಿತ್ತು. ಮುಚ್ಚಿಟ್ಟು ಇಷ್ಟು ಆಗಿದೆ, ಸಾಕು.

ಅಧಿಕಾರಿ ವಯಸ್ಸಾದವರು. ನೀವು ಕಳಿಸಿದ್ದನ್ನೆಲ್ಲ ಇಸವಿ ಪ್ರಕಾರ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದರು. ನೀವು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಇಟ್ಟದ್ದಕ್ಕೆ ಒಂದೂ ಹಾಳಾಗಿರಲಿಲ್ಲ. ದುಭಾಷಿಯ ಮೂಲಕ ನಿಮ್ಮ ವಿಷಯವನ್ನೇ ಮೊದಲು ಕೇಳಿದರು. "ಈ ಮಹಿಳೆ ಇಪ್ಪತ್ತು ಸಲ ಕೆಲಸ ಬಿಟ್ಟಿದ್ದಾರೆ. ಪ್ರತಿ ಸಲವೂ ಮೇ ಕೊನೆಗೆ, ಪ್ರತಿ ಸಲವೂ ಸ್ವಂತ ಕಾರಣಕ್ಕೆ. ಏನು ಆ ಸ್ವಂತ ಕಾರಣ?"

ನಾನು "ಮಳೆ" ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿದರು. ಮತ್ತೆ ನನ್ನ ಕಾಗದ ತೋರಿಸಿ, ಈ ಸಹಿ ನಿಮ್ಮದೇ ಎಂದು ಕೇಳಿದರು. ನಕಲಿ ಎನ್ನಲು ಬಾಯಿ ತೆರೆದೆ. ನನ್ನ ಸಹಿಯ ಕೆಳಗೆ ನಿಮ್ಮ ಸಹಿ ಇತ್ತು, ಕನ್ನಡದಲ್ಲಿ, ಪೂರ್ತಿ ಹೆಸರು. ನಿಮ್ಮನ್ನು ಸುಳ್ಳುಗಾರ್ತಿ ಎಂದು ಹೇಳಲು ನನ್ನಿಂದ ಆಗಲಿಲ್ಲ. ಸಹಿ ನನ್ನದೇ, ನಿರಂತರ ಸೇವೆಯ ಪತ್ರ ಸುಳ್ಳು, ಅದು ನನಗೆ ಗೊತ್ತಿತ್ತು ಎಂದು ಹೇಳಿದೆ. ಹೇಳಿದ ಮೇಲೆ ಅಲ್ಲೇ ಅತ್ತೆ.

ವಿಸ್ತರಣೆ ಇಲ್ಲ. ಜೂನ್ 20ರೊಳಗೆ ಹೊರಡಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿಮ್ಮ ವಿಷಯ: ಅರ್ಜಿಯನ್ನೇ ಹಾಕಿರದ ಕಾರಣ ನಿಮಗೆ ತಿರಸ್ಕಾರ ಎಂಬುದು ಇಲ್ಲ. ರಾಯ್‌ಸ್ಟನ್ ಸರ್‌ನ ಸುಳ್ಳು ಪತ್ರ ನನ್ನ ಡ್ರಾಯರಿನಲ್ಲೇ ಉಳಿಯಿತು. ಒಂದು ವರ್ಷ ಪೂರ್ತಿ ಕೆಲಸದಲ್ಲಿದ್ದ ದಾಖಲೆ ಇದ್ದರೆ ನೀವು ಯಾವಾಗ ಬೇಕಾದರೂ ಅರ್ಜಿ ಹಾಕಬಹುದು ಎಂದು ಅಧಿಕಾರಿ ಹೇಳಿದರು.

ನಾನು ಮಾಡಿದ್ದು ತಪ್ಪು, ಒಪ್ಪುತ್ತೇನೆ. ಆದರೆ ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಆಗುತ್ತಿಲ್ಲ. ಇನ್ನು ಹತ್ತು ದಿನ ಕಾಯಬಹುದಿತ್ತು ನೀವು.

ಮೋಕ್ಷಾ

•

ತೊಕ್ಕೊಟ್ಟು
3 ಜೂನ್ 2025

ಪ್ರೀತಿಯ ಮೋಕ್ಷಾ,

ಕ್ಷಮಿಸುವುದು ಬೇಡ. ನಿನ್ನ ಜಾಗದಲ್ಲಿ ನಾನಿದ್ದರೆ ನಾನೂ ಕ್ಷಮಿಸುತ್ತಿರಲಿಲ್ಲ. ನಿನಗೆ ಹೇಳಬೇಕಾದದ್ದು ಒಂದು ಉಂಟು, ಅದಕ್ಕೆ ಬರೆಯುತ್ತಿದ್ದೇನೆ.

ಶನಿವಾರ ರಾಯ್‌ಸ್ಟನ್ ಎಂದಿನ ಹಾಗೆ ಕಟ್ಟು ತಂದು ನನ್ನ ಕೈಗೆ ಕೊಟ್ಟರು. "ಹರಿಣಾಕ್ಷಿ ಅಕ್ಕ, ಊಟದ ಮೊದಲು ಮುಗಿಸಿ ಬಿಡಿ." ಎಂಬತ್ತನಾಲ್ಕು ಕಾಗದ. ನಾನು ಊಟದ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತೆ. ನಿರೀಕ್ಷಾ ಕನ್ನಡದಲ್ಲಿ ಬರೆದುಕೊಟ್ಟದ್ದನ್ನು ಒಮ್ಮೆ ಓದಿದೆ, ಆಮೇಲೆ ತುಳುವಿನಲ್ಲಿ ಬಿಡಿಸಿ ಹೇಳಿದೆ. ಇದು ರಜೆಯ ಕಾಗದ ಅಲ್ಲ, ಇಷ್ಟು ವರ್ಷ ನಾನೇ ನಿಮಗೆ ಸುಳ್ಳು ಹೇಳಿದ್ದು, ಗೊತ್ತಿಲ್ಲದೆ ಹೇಳಿದರೂ ಸುಳ್ಳು ಸುಳ್ಳೇ ಎಂದೆ. ಮೊದಲು ಡ್ಯಾಫ್ನಿ ಎದ್ದು ಬಂದು, "ಅಕ್ಕ, ನನಗೆ ಮಕ್ಕಳ ಫೀಸು ಉಂಟು" ಎಂದು ಹೇಳಿ ಸಹಿ ಹಾಕಿದಳು. ನಾನು ಪೆನ್ನು ಕೊಟ್ಟೆ. ಅವಳದು ತಪ್ಪೆಂದು ಹೇಳುವ ಯೋಗ್ಯತೆ ನನಗಿಲ್ಲ. ಐವತ್ತೆಂಟು ಜನ ಹಾಕಿದರು. ಇಪ್ಪತ್ತಾರು ಜನ ಹಾಕಲಿಲ್ಲ. ಸಾಕ್ಷಿಯ ಜಾಗದಲ್ಲಿ ನಾನು ಯಾವುದಕ್ಕೂ ಸಹಿ ಮಾಡಲಿಲ್ಲ. ನನ್ನ ಕಾಗದವನ್ನು ಖಾಲಿಯಾಗಿಯೇ ರಾಯ್‌ಸ್ಟನ್‌ನ ಮೇಜಿನ ಮೇಲೆ ಇಟ್ಟೆ.

ಅವರು ಬೊಬ್ಬೆ ಹಾಕಲಿಲ್ಲ. "ಆಗಸ್ಟಿಗೆ ನಿಮಗೆ ಕರೆ ಬರುವುದಿಲ್ಲ, ಇನ್ನೊಮ್ಮೆ ಯೋಚನೆ ಮಾಡಿ" ಎಂದರು ಅಷ್ಟೆ. "ನಾನು ಬಿಟ್ಟು ಹೋದರೆ ಅಲ್ವಾ ಮತ್ತೆ ಕರೆಯುವುದು?" ಎಂದೆ. ಹೇಳುವಾಗ ಧೈರ್ಯ ಇತ್ತು. ಬಸ್ಸಿನಲ್ಲಿ ಕೂತು, ಸಂಬಳ ಇಲ್ಲದೆ ಎಷ್ಟು ತಿಂಗಳು ನಡೆದೀತೆಂದು ಬೆರಳು ಮಡಚಿ ಲೆಕ್ಕ ಹಾಕಿದೆ.

ನಿನ್ನೆ ಸೋಮವಾರ. ಪ್ಲಾಂಟು ಬಂದ್ ಆಗಿದ್ದರೂ ಕೆಲಸದ ದಿನದ ಹಾಗೆ ಎಂಟೂವರೆಗೆ ಗೇಟಿಗೆ ಹೋದೆ. ವಾಚ್‌ಮನ್ ನೋಣಯ್ಯ ಬೀಗ ತೆಗೆಯಲಿಲ್ಲ. "ನನ್ನ ಕೆಲಸ ಹೋಗ್ತದೆ ಅಕ್ಕ, ಬೇಜಾರು ಮಾಡ್ಬೇಡಿ" ಎಂದು ತನ್ನ ಸ್ಟೂಲನ್ನು ಹೊರಗೆ ಇಟ್ಟುಕೊಟ್ಟ. ಮಳೆ ಬರುತ್ತಿತ್ತು. ಸಂಜೆ ಐದರವರೆಗೆ ಕೂತೆ. ಹತ್ತು ಗಂಟೆಗೆ ಇಬ್ಬರು ಬಂದರು, ಮಧ್ಯಾಹ್ನಕ್ಕೆ ಏಳು ಜನ ಆದೆವು. ಇವತ್ತು ಹನ್ನೊಂದು. ಬಂದವರ ಹೆಸರು, ಬಂದ ಸಮಯ, ಹೋದ ಸಮಯ ಒಂದು ನೋಟ್ ಬುಕ್ಕಿನಲ್ಲಿ ಬರೆದು ಸಹಿ ಹಾಕುತ್ತೇವೆ. ಪ್ರತಿ ಹಾಳೆಯನ್ನು ನಿರೀಕ್ಷಾ ಫೋಟೋ ತೆಗೆದು ಕಾರ್ಮಿಕ ಇಲಾಖೆಗೆ ಕಳಿಸುತ್ತಾಳೆ. ಗೇಟಿನ ಹೊರಗೆ ಕೂತದ್ದನ್ನು ಕೆಲಸವೆಂದು ಅವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಮುದ್ದು ಅಕ್ಕನಿಗೆ ನಾನೇ ಹೋಗಿ ಹೇಳಿದೆ. ನನ್ನ ಕೈಯಿಂದ ಆದದ್ದೆಂದೂ ಹೇಳಿದೆ. ಅವರು ಬೈದರು, ತುಂಬ ಬೈದರು. ಹೊರಡುವಾಗ ಚಾ ಕೊಡಲಿಲ್ಲ.

ನೀನು ಬಂದ ಮೇಲೆ ನನ್ನ ಮುಖ ನೋಡಬೇಕೆಂದಿಲ್ಲ. ಜಪಾನಿನ ಆಸೆ ಬಿಟ್ಟಿಲ್ಲ ನಾನು, ಆದರೆ ಅದು ಆಮೇಲಿನ ಮಾತು. ಇಪ್ಪತ್ತೊಂದು ವರ್ಷದಲ್ಲಿ ಒಂದೇ ಒಂದು ವರ್ಷವೂ ನಾನು ಪೂರ್ತಿಯಾಗಿ ಕೆಲಸದಲ್ಲಿ ಇರಲಿಲ್ಲ ಎಂದು ಈಗ ಗೊತ್ತಾಗಿದೆ. ಈ ವರ್ಷ ಇರುತ್ತೇನೆ. ನಾಳೆ ಎಂಟೂವರೆಗೆ ಮತ್ತೆ ಹೋಗುತ್ತೇನೆ.

ಹರಿಣಾಕ್ಷಿ